ಕಾರ್ಸಿಯ ಮೀಸೆ

ಗಂಗಾವತಿಯ ಶಾಖೆಯಲ್ಲಿ ನಾನಿದ್ದ ಆರು ವರ್ಷಗಳಲ್ಲಿ, ಜುಲೈ ತಿಂಗಳ ಮುಂಜಾನೆ ಯಾರೂ ನನ್ನನ್ನು “ಆರಾಮ ಅದೀರೇನ್ರಿ?” ಎಂದು ಕೇಳಿದ ನೆನಪಿಲ್ಲ. ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದ ರೈತರ ಬಾಯಲ್ಲಿ ಒಂದೇ ಪ್ರಶ್ನೆ: “ಎಷ್ಟಾತ್ರಿ?” ಏನು ಎಷ್ಟಾಯಿತು ಎಂದು ತಿರುಗಿ ಕೇಳಿದವನು ಆ ಊರಿಗೆ ಹೊಸಬ ಎಂದು ತಿಳಿಯಬೇಕು. ಮುನಿರಾಬಾದಿನ ತುಂಗಭದ್ರಾ ಡ್ಯಾಮಿನಲ್ಲಿ ನೀರು ಎಷ್ಟಾಯಿತು ಎನ್ನುವುದನ್ನು ಬಿಟ್ಟರೆ ಆ ತಿಂಗಳು ಅಲ್ಲಿ ಬೇರೆ ‘ಎಷ್ಟು’ ಇಲ್ಲ. ತುಂಬಿದರೆ 1633 ಅಡಿ. ಒಳಹರಿವು ಇಷ್ಟು ಸಾವಿರ ಕ್ಯೂಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ಪೇಪರಿನಲ್ಲಿ ಮುಖ್ಯಮಂತ್ರಿ ಬದಲಾದ ಸುದ್ದಿ ಇದ್ದರೂ ಬೆರಳು ಮೊದಲು ಹೋಗುವುದು ಒಳಪುಟದ ಆ ಪುಟ್ಟ ಚೌಕಕ್ಕೆ. ಹೆಬ್ಬೆಟ್ಟು ಒತ್ತುತ್ತಿದ್ದ ಹಿರಿಯರೊಬ್ಬರಿದ್ದರು. ಶಿವಮೊಗ್ಗದ ಕಡೆ ಎರಡು ದಿನ ಹೊಡೆದ ಮಳೆ ಇಲ್ಲಿ ಎಷ್ಟು ಅಡಿಯಾಗಿ ಬಂದು ಮುಟ್ಟುತ್ತದೆ, ಎಡದಂಡೆ ಕಾಲುವೆಗೆ ಯಾವಾಗ ಬಿಡುತ್ತಾರೆ, ಎರಡನೇ ಬೆಳೆಗೆ ಸಾಲ ಕೇಳಬಹುದೋ ಬೇಡವೋ ಎಂಬುದನ್ನೆಲ್ಲ ಸಾಲಿನಲ್ಲಿ ನಿಂತೇ ಕೂಡಿ ಕಳೆದು ಹೇಳುತ್ತಿದ್ದರು. ನಮ್ಮ ಮ್ಯಾನೇಜರು ಹುಬ್ಬಳ್ಳಿಯಿಂದ ತರಿಸಿಕೊಂಡ ವರದಿಗಿಂತ ಅವರ ಲೆಕ್ಕವೇ ಹೆಚ್ಚು ಸಲ ಸರಿ ಬರುತ್ತಿತ್ತು. ಆದರೂ ಮ್ಯಾನೇಜರು ನಂಬುತ್ತಿದ್ದುದು ವರದಿಯನ್ನೇ. ಅದಕ್ಕೆ ಸೀಲು ಇರುತ್ತಿತ್ತಲ್ಲ.

ಆಮೇಲೆ ಯಲಬುರ್ಗಾಕ್ಕೆ ವರ್ಗವಾಯಿತು. ಅಲ್ಲಿ ಕಾಲುವೆಯ ಭಾಗ್ಯವಿಲ್ಲ. ಎರಿ ಹೊಲ, ಮೇಲೆ ನೋಡುವ ಮಂದಿ. ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ ಎಂಬ ಗಾದೆಯಿಂದ ಶುರುವಾಗಿ ಸ್ವಾತಿಯವರೆಗೆ ಒಂದೊಂದು ಮಳೆಗೂ ಒಂದೊಂದು ಅಂದಾಜು. ಕುಷ್ಟಗಿಗೆ ಬಂದರೆ ಅಲ್ಲಿಯ ಅಂಕಿ ನೆಲದೊಳಗಿನದು. ಬೋರು ಎಷ್ಟು ಅಡಿಗೆ ಹೋಯಿತು, ಎಷ್ಟು ಇಂಚು ನೀರು ಬಿತ್ತು, ಆ ನೀರಿಗೆ ಎಷ್ಟು ದಾಳಿಂಬೆ ಗಿಡ ಬದುಕುತ್ತವೆ. ನಿವೃತ್ತಿಗೆ ಮುಂಚಿನ ಕೊನೆಯ ನಾಲ್ಕು ವರ್ಷ ಕೊಪ್ಪಳ. ಅಲ್ಲಿ ಪುಷ್ಯ ಮಾಸದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜೋಳದ ರೊಟ್ಟಿ ಬಂದು ಬೀಳುತ್ತವೆ, ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ. ಇವತ್ತು ಎಷ್ಟು ಮಂದಿ ಉಣ್ಣುತ್ತಾರೆ ಎಂದು ದಾಸೋಹದಲ್ಲಿ ಸೌಟು ಹಿಡಿದ ಒಬ್ಬರನ್ನು ಕೇಳಿದ್ದೆ. ಅವರು ಬಾಗಿಲ ಕಡೆ ನೋಡಿದರು, ಬಿಸಿಲು ನೋಡಿದರು, “ಇನ್ನ ನಾಕು ಕೊಪ್ಪರಿಗಿ ಇಡ್ರಿ” ಎಂದು ಹಿಂದಕ್ಕೆ ಕೂಗಿದರು. ನನಗೆ ಸಿಕ್ಕ ಉತ್ತರ ಅಷ್ಟೇ. ಅಂದು ಅನ್ನ ಉಳಿಯಲೂ ಇಲ್ಲ, ಸಾಲದೆ ಬರಲೂ ಇಲ್ಲ.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ನಮ್ಮ ಸೀಮೆಯವರಿಗೆ ಅಂಕಿ-ಅಂಶ ಎಂದರೆ ಹೊಸದು ಎಂದು ಬೆಂಗಳೂರಿನವರು ತಿಳಿದುಕೊಂಡಿದ್ದಾರೆ. ನನ್ನ ಅಕ್ಕನ ಮಗನೂ ಹಾಗೆಯೇ ತಿಳಿದುಕೊಂಡು ಒಂದು ಉಗಾದಿಗೆ ಲ್ಯಾಪ್‌ಟಾಪ್ ಸಮೇತ ಕುಷ್ಟಗಿಯ ನಮ್ಮ ಮನೆಗೆ ಬಂದ.

“ಅಳಿಯಾ, ನಿನ್ನ ಕೆಲಸ ಏನಪಾ?” ಎಂದೆ.

“ಡೇಟಾ ಅನಲಿಸ್ಟ್, ಮಾಮಾ.”

ಒಳಗೆ ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದ ನನ್ನ ತಾಯಿಗೆ ಕಿವಿ ಸ್ವಲ್ಪ ಮಂದ. “ಏನಂದ? ದೇಟಾ? ದೇಟು ತಗೀಬ್ಯಾಡಂತ ಹೇಳವಗ. ದೇಟು ತಗದ್ರ ಬದನಿಕಾಯಿ ಹಿಡಿಯೋದು ಎಲ್ಲಿ?” ಎಂದಳು. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಅವನ ಕೆಲಸಕ್ಕೆ ದೇಟಿನ ಕೆಲಸ ಎಂದೇ ಹೆಸರು. ಕನ್ನಡದಲ್ಲಿ ಈ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಅನುವಾದವನ್ನು ನಾನಂತೂ ಕಂಡಿಲ್ಲ.

ಅವನ ಕಂಪನಿಗೆ ಕೆನಡಾದ ಗಿರಾಕಿ. ಅವರಿಗೆ ಹಗಲಾದಾಗ ಇವನಿಗೆ ರಾತ್ರಿ. ರಾತ್ರಿಯೆಲ್ಲ ಎದ್ದಿರುವವನಿಗೆ ಜೊತೆಗೆ ಏನಾದರೂ ಬೇಕಲ್ಲ, ಐಸ್ ಹಾಕಿ ನೋಡುವ ಚಟ ಹತ್ತಿದೆ. ಮಂಜುಗಡ್ಡೆಯ ಮೇಲೆ ಕಾಲಿಗೆ ಅಲಗು ಕಟ್ಟಿಕೊಂಡು ಆಡುವ ಹಾಕಿ. ನಲವತ್ತು ಡಿಗ್ರಿ ಬಿಸಿಲಿನ ಕುಷ್ಟಗಿಯ ಪಡಸಾಲೆಯಲ್ಲಿ ಆ ಆಟದ ವಿಡಿಯೋ ನೋಡಿಯೇ ನಮಗೆ ಸ್ವಲ್ಪ ತಂಪಾಯಿತು. ಟೊರಾಂಟೊ ಮೇಪಲ್ ಲೀಫ್ಸ್ ಎಂಬುದು ಅವನ ತಂಡ. ಬಲು ಶ್ರೀಮಂತ ತಂಡ, ಅಭಿಮಾನಿಗಳೂ ಬಲು ಜೋರು. 2014ರಲ್ಲಿ ಕೈಲ್ ಡುಬಸ್ ಎಂಬ 28 ವರ್ಷದ ಹುಡುಗನನ್ನು ಕರೆದು ಅಸಿಸ್ಟೆಂಟ್ ಜನರಲ್ ಮ್ಯಾನೇಜರ್ ಕುರ್ಚಿ ಕೊಟ್ಟರಂತೆ, ಅಂಕಿ-ಅಂಶದ ವಿಭಾಗವೊಂದನ್ನು ಕಟ್ಟಿದರಂತೆ.

“ಹಂಗಾದ್ರ ಕಪ್ಪು ಗೆದ್ದಿರಬೇಕಲಾ?” ಎಂದೆ.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದ. “ಕೊನೀಗೆ ಗೆದ್ದಿದ್ದು 1967ರಾಗ, ಮಾಮಾ.”

ನನಗೆ ಆ ತಂಡದ ಮೇಲೆ ಕೂಡಲೇ ಮಮತೆ ಹುಟ್ಟಿತು. ಪ್ರತಿ ಏಪ್ರಿಲ್‌ನಲ್ಲಿ ಆರ್‌ಸಿಬಿ ಕ್ರಿಕೆಟ್ ತಂಡಕ್ಕಾಗಿ ‘ಈ ಸಲ ಕಪ್ ನಮ್ದೇ’ ಎಂದು ಗಂಟಲು ಹರಿದುಕೊಂಡು, ಮೇ ತಿಂಗಳಲ್ಲಿ ಗಂಟಲಿಗೆ ಉಪ್ಪುನೀರು ಮುಕ್ಕಳಿಸುತ್ತ ಹದಿನೇಳು ವರ್ಷ ಕಳೆದ ರಾಜ್ಯದವನು ನಾನು. ನೋವು ಒಂದೇ ಆದಮೇಲೆ ನೆಲ ಮಂಜಾದರೇನು, ಹುಲ್ಲಾದರೇನು.

ಆದರೆ ಆ ರಾತ್ರಿ ಅವನು ಹೇಳಿದ್ದರಲ್ಲಿ ನನ್ನನ್ನು ಹಿಡಿದದ್ದು ಕಾರ್ಸಿಯ ಕಥೆ. ಐಸ್ ಹಾಕಿಯಲ್ಲಿ ಗೋಲು ಬೀಳುವುದು ಅಪರೂಪ. ಒಂದು ಪಂದ್ಯದಲ್ಲಿ ತಂಡಕ್ಕೆ ಸರಾಸರಿ ಮೂರು. ಅಷ್ಟು ಕಡಿಮೆ ಅಂಕಿಯಿಂದ ಯಾವ ತಂಡ ಚೆನ್ನಾಗಿ ಆಡಿತೆಂದು ಹೇಳುವುದು ಕಷ್ಟ. ಅದೃಷ್ಟವೇ ಅರ್ಧ ಇರುತ್ತದೆ. ಅದಕ್ಕೇ ಗೋಲು ಬಿಟ್ಟು, ಗೋಲಿನ ಕಡೆ ಹೊಡೆದ ಹೊಡೆತಗಳನ್ನೆಲ್ಲ ಎಣಿಸಬೇಕಂತೆ. ಒಳಗೆ ಹೋದದ್ದು, ಗೋಲಿ, ಅಂದರೆ ಗೋಲ್‌ಕೀಪರ್, ತಡೆದದ್ದು, ಪಕ್ಕಕ್ಕೆ ಹಾರಿದ್ದು, ನಡುವೆ ಯಾರದೋ ಕಾಲಿಗೆ ಬಡಿದದ್ದು, ಎಲ್ಲವನ್ನೂ. ನಾವು ಹೊಡೆದದ್ದರಲ್ಲಿ ಅವರು ಹೊಡೆದದ್ದನ್ನು ಕಳೆದರೆ ಉಳಿಯುವುದೇ ಕಾರ್ಸಿ.

ಇದು ನನಗೆ ತಟ್ಟನೆ ತಿಳಿಯಿತು. ನಮ್ಮ ಶಾಲೆಯ ಹಿಂದೆ ಹುಣಸೆಗಿಡ ಇತ್ತು. ಯಾವ ಹುಡುಗನ ಜೇಬಿನಲ್ಲಿ ಎಷ್ಟು ಹುಣಸೆಕಾಯಿ ಇವೆ ಎಂದು ನೋಡಿದರೆ ಅವನ ಕೈಗುಣ ಗೊತ್ತಾಗುತ್ತಿರಲಿಲ್ಲ. ಗಾಳಿ ಬೀಸಿ ಬಿದ್ದದ್ದೂ ಇರುತ್ತಿತ್ತು, ತಂಗಿಯ ಕೈಯಿಂದ ಕಸಿದದ್ದೂ ಇರುತ್ತಿತ್ತು. ಎಷ್ಟು ಕಲ್ಲು ಒಗೆದ ಎಂದು ಎಣಿಸಬೇಕು. ಕಾಯಿ ಬೀಳುವುದು ದೈವದ ಕೈಲಿ, ಕಲ್ಲು ಒಗೆಯುವುದು ನಮ್ಮ ಕೈಲಿ. “ಅದs ಮಾಮಾ, ಕರೆಕ್ಟ್!” ಎಂದು ಅಳಿಯ ಕುಣಿದ. ಬೆಂಗಳೂರಿನಲ್ಲಿ ಇದನ್ನು ಅರ್ಥ ಮಾಡಿಸಲು ಅವನಿಗೆ ನಲವತ್ತು ಸ್ಲೈಡು ಬೇಕಾಗುತ್ತವಂತೆ.

“ಕಾರ್ಸಿ ಅಂದ್ರ ಯಾರು? ಇದನ್ನ ಕಂಡು ಹಿಡದವನೇನು?”

ಅಲ್ಲವಂತೆ. ಲೆಕ್ಕವನ್ನು ಚಾಲ್ತಿಗೆ ತಂದವನು ಟಿಮ್ ಬಾರ್ನ್ಸ್, ಷಿಕಾಗೋದ ಹಣಕಾಸಿನ ವಿಶ್ಲೇಷಕ, ಬೇರೆ ಹೆಸರಿಟ್ಟುಕೊಂಡು ಬರೆಯುತ್ತಿದ್ದವನು. ಬಫಲೋ ತಂಡದ ಜನರಲ್ ಮ್ಯಾನೇಜರು ರೇಡಿಯೋದಲ್ಲಿ ಈ ಬಗೆಯ ಎಣಿಕೆಯ ಮಾತಾಡಿದ್ದನ್ನು ಕೇಳಿ ಅವನಿಗೆ ಹೊಳೆಯಿತು. ಹೆಸರಿಡಬೇಕು. ಮ್ಯಾನೇಜರ ಹೆಸರು ಕಿವಿಗೆ ಹಿತವಾಗಲಿಲ್ಲ, ಕೋಚಿನ ಹೆಸರೂ ಒಗ್ಗಲಿಲ್ಲ. ಆಗ ಅದೇ ತಂಡದ ಗೋಲಿಗಳ ಕೋಚ್ ಜಿಮ್ ಕಾರ್ಸಿಯ ಫೋಟೋ ಕಣ್ಣಿಗೆ ಬಿತ್ತು. ದಪ್ಪ ಮೀಸೆ. ಆ ಮೀಸೆ ಬಾರ್ನ್ಸನ ಮನಸ್ಸಿಗೆ ಬಂತು. ಹೆಸರು ಕಾರ್ಸಿ ಎಂದಾಯಿತು.

ನಾನು ಎದ್ದು ಕೂತೆ. ಇಷ್ಟು ಹೊತ್ತು ಈ ವಿದ್ಯೆ ಪರದೇಶದ್ದು ಎಂದು ನನಗೊಂದು ಅಳುಕಿತ್ತು. ಮೀಸೆ ನೋಡಿ ಹೆಸರಿಟ್ಟರು ಎಂದಮೇಲೆ ಇದು ನಮ್ಮದೇ ವಿದ್ಯೆ. ಕೊಪ್ಪಳ ಜಿಲ್ಲೆಯಲ್ಲಿ ಮೀಸೆಯ ಮೇಲೆ ಎಷ್ಟು ಸಾಲ ಮಂಜೂರಾಗಿದೆ ಎಂಬುದು ನನಗೆ ಗೊತ್ತು.

ಹಾಕಿಯ ವಿಷಯಕ್ಕೆ ಬಂದರೆ, ನಾನು ಕಲಿತ ಹೈಸ್ಕೂಲಿನ ಆಟದ ಕೋಣೆಯಲ್ಲಿ ನಾಲ್ಕು ಹಾಕಿ ಸ್ಟಿಕ್ಕುಗಳಿದ್ದವು. ಹೇಗೆ ಬಂದವೋ ಯಾರಿಗೂ ತಿಳಿಯದು. ಒಂದು ಕಿಟಕಿಗೆ ಒತ್ತುಗೋಲಾಗಿತ್ತು. ಎರಡು ವಾಲಿಬಾಲ್ ನೆಟ್ಟಿನ ಗೂಟಕ್ಕೆ ಆಸರೆ. ನಾಲ್ಕನೆಯದು ಹೆಡ್ ಮಾಸ್ತರರ ಕೋಣೆಯಲ್ಲಿ, ಬಿಸಿಯೂಟವಿಲ್ಲದ ಆ ಕಾಲದಲ್ಲೂ ಶಾಲೆಗೆ ಬರುತ್ತಿದ್ದ ನಾಯಿಗಳಿಗಾಗಿ. ಚೆಂಡು ಇರಲಿಲ್ಲ. ನಮ್ಮ ಕಡೆ ಆಟವೆಂದರೆ ಕಬಡ್ಡಿ, ಕುಸ್ತಿ, ಗುಂಡು ಎತ್ತುವುದು. ಆಮೇಲೆ ಬಂದದ್ದು ಟೆನಿಸ್ ಬಾಲಿನ ಕ್ರಿಕೆಟ್. ಕನ್ನಡನಾಡಿನಲ್ಲಿ ಹಾಕಿ ಎಂದರೆ ಕೊಡಗು. ಅಲ್ಲಿ ಕರಡ ಎಂಬಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕುಟುಂಬ ಕುಟುಂಬಗಳ ನಡುವೆ ಹಾಕಿ ಹಬ್ಬ ಶುರು ಮಾಡಿದರು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯೇ ಆಯಿತು. ರಾಯಚೂರಿನಿಂದ ಬಿಡಿಸಿ ಕೊಪ್ಪಳವನ್ನು ಜಿಲ್ಲೆ ಮಾಡಿದ್ದೂ ಅದೇ 1997ರಲ್ಲಿ. ಒಂದೇ ವರ್ಷ ಅವರಿಗೆ ಹಬ್ಬ, ನಮಗೆ ಡಿ.ಸಿ. ಆಫೀಸು.

ಕೊಡಗಿನ ಆ ಹಬ್ಬದಲ್ಲಿ ಅಜ್ಜ, ಅಪ್ಪ, ಮಗ ಒಂದೇ ತಂಡದಲ್ಲಿ ಆಡುವುದುಂಟು. ಅಲ್ಲಿ ಕಾರ್ಸಿ ಎಣಿಸಿ ಅಜ್ಜನನ್ನು ಹೊರಗೆ ಕೂರಿಸುವ ಧೈರ್ಯ ಯಾರಿಗಿದೆ? ಅದು ಬೇರೆ ಆಟ. ಸಂಬಳ ಕೊಟ್ಟು ಆಡಿಸುವ ತಂಡದ ಕಥೆಯೇ ಬೇರೆ. ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ಭಾರತ ತಂಡದ ಶಿಬಿರ ನಡೆಯುತ್ತದಲ್ಲ, ಅಲ್ಲಿ ಆಟಗಾರರು ಅಂಗಿಯ ಒಳಗೆ, ಎರಡು ಹೆಗಲ ಎಲುಬಿನ ನಡುವೆ, ಬೆಂಕಿಪೊಟ್ಟಣದಷ್ಟು ಜಿಪಿಎಸ್ ಯಂತ್ರ ಕಟ್ಟಿಕೊಂಡು ಓಡುತ್ತಾರೆ. ಎಷ್ಟು ದೂರ ಓಡಿದ, ಎಷ್ಟು ಸಲ ಜೋರಾಗಿ ಓಡಿದ, ಯಾವಾಗ ದಣಿದ ಎಂಬುದೆಲ್ಲ ಅದರಲ್ಲಿ ಬೀಳುತ್ತದೆ. ಈಗಿನ ಹಾಕಿಯಲ್ಲಿ ಹದಿನೈದು ಹದಿನೈದು ನಿಮಿಷದ ನಾಲ್ಕು ಪಾಲು, ಎಷ್ಟು ಸಲ ಬೇಕಾದರೂ ಆಟಗಾರರನ್ನು ಒಳಗೆ ಹೊರಗೆ ಮಾಡಬಹುದು. ಹಾಗಾಗಿ ದಣಿವಿನ ಲೆಕ್ಕಕ್ಕೆ ಬೆಲೆ ಬಂದಿದೆ. ಇದನ್ನು ಅಳಿಯ ಚಿತ್ರ ಬರೆದು ವಿವರಿಸಿದಾಗ ನನ್ನ ಸಂಶಯ ಎತ್ತಿನದು.

“ಅಲ್ಲೋ, ನೊಗ ಹೊತ್ತ ಎತ್ತು ಎಷ್ಟು ನಡೀತು ಅಂತ ಯಂತ್ರ ಹೇಳ್ತೈತಿ. ಮೈಗಳ್ಳ ಎತ್ತು ಯಾವುದಂತ ಹೇಳ್ತೈತೇನು?”

“ಅದನ್ನ ಹೇಳಾಕs ನಮಗ ಪಗಾರ ಕೊಡ್ತಾರ, ಮಾಮಾ.”

ಟೋಕಿಯೊ ಒಲಿಂಪಿಕ್ಸ್ ಪಂದ್ಯ ನಾನೂ ನೋಡಿದ್ದೆ. 2021ರ ಆಗಸ್ಟ್ 5, ಜರ್ಮನಿಯ ಮೇಲೆ 5-4. ಇನ್ನು ಆರು ಸೆಕೆಂಡ್ ಇದೆ ಎನ್ನುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದರು, 41 ವರ್ಷದ ಮೇಲೆ ಪದಕ ಬಂತು. ನಾನು ಅಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದರು. ಪೆನಾಲ್ಟಿ ಕಾರ್ನರ್‌ನಲ್ಲಿ ಯಾರು ಎಲ್ಲಿಗೆ ಹೊಡೆಯುತ್ತಾರೆ ಎಂದು ವಾರಗಟ್ಟಲೆ ವಿಡಿಯೋ ನೋಡಿರುತ್ತಾರೆ, ತಡೆದದ್ದು ಬರೀ ಕೈಯಲ್ಲ ಎನ್ನುತ್ತಾನೆ ಅಳಿಯ. ಇರಬಹುದು. ಆದರೆ 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಎದುರು ಟೈಬ್ರೇಕರಿನಲ್ಲಿ ಆಶಿಶ್ ಬಲ್ಲಾಳ್ ಚೆಂಡು ತಡೆದು 32 ವರ್ಷದ ಮೇಲೆ ಚಿನ್ನ ತಂದಾಗ ಬೆನ್ನಿಗೆ ಯಾವ ಯಂತ್ರ ಇತ್ತು ಎಂದು ನಾನು ಕೇಳಿದೆ. ಅವನಿಗೆ ಆಗ ಹಾಲುಹಲ್ಲು. ಅದಕ್ಕೇ ಉತ್ತರ ಬರಲಿಲ್ಲ.

ಬದಲಿಗೆ ಪ್ಯಾರಿಸ್ ಒಲಿಂಪಿಕ್ಸ್ ಕಥೆ ತೆಗೆದ. 2024ರ ಆಗಸ್ಟ್ 4, ಬ್ರಿಟನ್ ಜೊತೆ ಕ್ವಾರ್ಟರ್ ಫೈನಲ್. ನಮ್ಮ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡು. 40 ನಿಮಿಷಕ್ಕೂ ಹೆಚ್ಚು ಹೊತ್ತು ಹತ್ತೇ ಜನ ಆಡಿ 1-1ಕ್ಕೆ ತಂದು ನಿಲ್ಲಿಸಿದರು. ಆಮೇಲೆ ಶೂಟೌಟ್: ಒಬ್ಬ ಆಟಗಾರ, ಒಬ್ಬ ಗೋಲ್‌ಕೀಪರ್, ಎಂಟು ಸೆಕೆಂಡ್. 4-2ರಿಂದ ನಾವು ಗೆದ್ದೆವು. ಗೆದ್ದಮೇಲೂ ಹಾಕಿ ಇಂಡಿಯಾ ಒಂದು ದೂರು ಕೊಟ್ಟಿತು. ಶೂಟೌಟ್ ವೇಳೆ ಗೋಲ್‌ಪೋಸ್ಟಿನ ಹಿಂದಿನಿಂದ ಗೋಲ್‌ಕೀಪರ್‌ಗೆ ಹೇಳಿಕೊಡುತ್ತಿದ್ದರು, ಗೋಲ್‌ಕೀಪರ್ ವಿಡಿಯೋ ಟ್ಯಾಬ್ಲೆಟ್ ಬಳಸಿದರು ಎಂಬುದೂ ಆ ದೂರಿನಲ್ಲಿತ್ತು. ನನ್ನ ಮಟ್ಟಿಗೆ ಹಾಕಿಯಲ್ಲಿ ಡೇಟಾಕ್ಕೆ ಸಿಕ್ಕ ದೊಡ್ಡ ಮರ್ಯಾದೆ ಇದೇ. ಗೆದ್ದವರು ಸೋತವರ ಟ್ಯಾಬ್ಲೆಟ್ ಮೇಲೆ ದೂರು ಕೊಡುತ್ತಾರೆ ಎಂದರೆ ಅದರಲ್ಲಿ ಏನೋ ಇದೆ ಎಂದೇ ಅರ್ಥ. ನಮ್ಮೂರಲ್ಲಿ ಪಕ್ಕದ ಹೊಲದವನ ಬೀಜದ ಮೇಲೆ ಸಂಶಯ ಬರುವುದು ಅವನ ಬೆಳೆ ಎತ್ತರಕ್ಕೆ ಬೆಳೆದಾಗಲೇ.

ಟ್ಯಾಬ್ಲೆಟ್ಟಿಗಿಂತ ಮುಂಚೆ ಚೀಟಿ ಇತ್ತು. 2006ರ ಫುಟ್‌ಬಾಲ್ ವಿಶ್ವಕಪ್, ಬರ್ಲಿನ್, ಜರ್ಮನಿ ಮತ್ತು ಅರ್ಜೆಂಟೀನಾ. ಪೆನಾಲ್ಟಿಗೆ ಹೋಯಿತು. ಜರ್ಮನಿಯ ಗೋಲಿ ಲೆಹ್ಮನ್ ಪ್ರತಿ ಹೊಡೆತಕ್ಕೂ ಮುಂಚೆ ಕಾಲುಚೀಲದಿಂದ ಒಂದು ಚೀಟಿ ತೆಗೆದು ಓದುತ್ತಿದ್ದ. ಯಾರು ಯಾವ ಕಡೆ ಹೊಡೆಯುತ್ತಾರೆ ಎಂದು ಬರೆದ ಏಳು ಹೆಸರು. ವಿಚಿತ್ರವೆಂದರೆ ಹೊಡೆಯಲು ಬಂದ ನಾಲ್ವರಲ್ಲಿ ಇಬ್ಬರ ಹೆಸರಷ್ಟೇ ಅದರಲ್ಲಿತ್ತು. ಕೊನೆಗೆ ಬಂದ ಕಾಂಬಿಯಾಸೊನದು ಇರಲೇ ಇಲ್ಲ. ಲೆಹ್ಮನ್ ಆಗಲೂ ಚೀಟಿ ತೆಗೆದ, ಗಂಭೀರವಾಗಿ ಓದಿದ, ಮಡಚಿ ಇಟ್ಟುಕೊಂಡ. ಇವನಿಗೆ ನನ್ನ ಗುಟ್ಟು ಗೊತ್ತಿದೆ ಎಂದು ಎದುರಿನವನು ಅಂದುಕೊಂಡನೋ ಏನೋ, ಹೊಡೆದ ಚೆಂಡು ಗೋಲಿಯ ಕೈಗೇ ಹೋಯಿತು. ಆ ಚೀಟಿ ಮುಂದೆ ಧರ್ಮಕಾರ್ಯಕ್ಕೆಂದು ಹತ್ತು ಲಕ್ಷ ಯೂರೋಗೆ ಮಾರಾಟವಾಯಿತು. ನಮ್ಮ ಬ್ಯಾಂಕಿನಲ್ಲಿ ಆಡಿಟ್‌ಗೆ ಬರುತ್ತಿದ್ದ ಒಬ್ಬ ಸಾಹೇಬರೂ ಹೀಗೆಯೇ ಜೇಬಿನಿಂದ ಚೀಟಿ ತೆಗೆದು ನೋಡಿ ಮತ್ತೆ ಇಟ್ಟುಕೊಳ್ಳುತ್ತಿದ್ದರು. ನಾವು ಐದೂ ಮಂದಿ ತಪ್ಪುಗಳನ್ನು ನಾವಾಗಿಯೇ ಒಪ್ಪಿಕೊಳ್ಳುತ್ತಿದ್ದೆವು. ಅದು ಅವರ ಮನೆಯ ಕಿರಾಣಿ ಚೀಟಿ ಎಂದು ಗೊತ್ತಾದದ್ದು ಅವರು ನಿವೃತ್ತರಾದ ಮೇಲೆ.

ಎಣಿಸುವುದೂ ಅಷ್ಟು ಸುಲಭವಲ್ಲ. ಆನೆಗೊಂದಿಯ ಬಳಿ ಅಂಜನಾದ್ರಿಗೆ 575 ಮೆಟ್ಟಿಲು ಎಂದು ಎಲ್ಲರೂ ಹೇಳುತ್ತಾರೆ. ಆ ಉಗಾದಿಗೆ ನಾವು ಮನೆಮಂದಿಯೆಲ್ಲ ಹತ್ತಿದೆವು. ನನ್ನ ಹೆಂಡತಿಯ ಎಣಿಕೆ 561. ಅಳಿಯನ ಕೈಗಡಿಯಾರದ್ದು ಅದಕ್ಕಿಂತ ದುಪ್ಪಟ್ಟು, ಏಕೆಂದರೆ ಅದು ಮಂಗನಿಗೆ ಹೆದರಿ ಅವನು ಹಿಂದಕ್ಕೆ ಇಳಿದ ಹೆಜ್ಜೆಗಳನ್ನೂ ಸೇರಿಸಿತ್ತು. ಮುನ್ನೂರರವರೆಗೆ ಎಣಿಸಿ, ಆಮೇಲೆ ಉಸಿರು ಎಣಿಸುತ್ತ ಹತ್ತಿದವನು ನಾನು. ಮೇಲೆ ಹೋದಮೇಲೆ 575 ಎಂದೇ ಮೂವರೂ ಒಪ್ಪಿಕೊಂಡೆವು. ನಮ್ಮ ನಮ್ಮ ಎಣಿಕೆಗಿಂತ ಎಲ್ಲರೂ ಹೇಳುವುದು ಸರಿ ಇರಬೇಕು ಎಂದು ಬಿಟ್ಟುಕೊಡುವುದರಲ್ಲಿ ಒಂದು ಸುಖವಿದೆ.

ಒಂದು ಅಂಕಿ ಎಲ್ಲರ ಬಾಯಲ್ಲೂ ಇದ್ದರೆ ಅದೇ ಪೂರ್ತಿ ಲೆಕ್ಕವೆಂದು ಅನ್ನಿಸಿಬಿಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಆ ಹೊತ್ತಿಗೆ ಡ್ಯಾಮು ಹೆಚ್ಚುಕಡಿಮೆ ತುಂಬಿ ನಿಂತಿತ್ತು; 1633 ಗಂಗಾವತಿಯ ಪ್ರತಿ ಚಹಾದಂಗಡಿಯಲ್ಲೂ ಬಾಯಿಪಾಠ. ಚೈನಿನ ವಯಸ್ಸು ಮಾತ್ರ ಯಾರ ಬಾಯಲ್ಲೂ ಇರಲಿಲ್ಲ. ಆ ವಾರ ಎಂಬತ್ತರ ಆಸುಪಾಸಿನ ಕನ್ನಯ್ಯ ನಾಯ್ಡು ಎಂಬ ನಿವೃತ್ತ ಎಂಜಿನಿಯರು ಬಂದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿಕೊಟ್ಟರು. ಆಮೇಲೆ ಮಳೆಯೂ ಕೈ ಹಿಡಿಯಿತು. ಅಂದಿನಿಂದ ಬ್ಯಾಂಕಿನ ಮೆಟ್ಟಿಲ ಮೇಲೆ ಎರಡು ಪ್ರಶ್ನೆ: “ಎಷ್ಟಾತ್ರಿ?” ಆದಮೇಲೆ “ಗೇಟು ಗಟ್ಟಿ ಅದಾವೇನ್ರಿ?”

ಅಳಿಯನಿಗೆ ಇದನ್ನು ಹೇಳಿದ್ದಕ್ಕೆ ಅವನು, ಎಲ್ಲರ ಬಾಯಲ್ಲಿದ್ದ ಹೆಸರುಗಳನ್ನೇ ಬಿಟ್ಟ ಆರ್‌ಸಿಬಿ ಕಥೆ ತಂದ. 2024ರ ನವೆಂಬರ್ ಹರಾಜಿನಲ್ಲಿ ನಮ್ಮವನೇ ಆದ ಕೆ.ಎಲ್. ರಾಹುಲ್ ಇದ್ದರು, ಇಡೀ ಕರ್ನಾಟಕ ಕೈ ಮುಗಿದು ಕೂತಿತ್ತು. ತಂಡ ಅವರನ್ನು ಬಿಟ್ಟಿತು, ಅವರು ದೆಹಲಿಗೆ ಹೋದರು. ಏಳು ವರ್ಷ ಜೊತೆಗಿದ್ದ ಸಿರಾಜ್‌ರನ್ನೂ ಬಿಟ್ಟಿತು, ಅವರು ಗುಜರಾತಿಗೆ. ನಾನು ಅಂದು ಸಿಟ್ಟಿನಿಂದ ಟಿ.ವಿ. ಆರಿಸಿದ್ದೆ. ರಾಯಚೂರಿನ ಮನೋಜ್ ಭಾಂಡಗೆಯನ್ನು ಕೊಂಡರು ಎಂದಾಗ ಮತ್ತೆ ಹಚ್ಚಿದೆ. ಮೊನ್ನೆ ಮೊನ್ನೆವರೆಗೂ ನಮ್ಮದೇ ಜಿಲ್ಲೆ ನೋಡಿ. ಆ ತಂಡದಲ್ಲಿ ಫ್ರೆಡ್ಡಿ ವೈಲ್ಡ್ ಎಂಬ ಇಂಗ್ಲೆಂಡಿನ ವಿಶ್ಲೇಷಕ ಇದ್ದ. ಯಾವ ಮೈದಾನದಲ್ಲಿ ಯಾವ ಓವರಿಗೆ ಎಂಥವನು ಬೇಕೆಂದು ಪಟ್ಟಿ ಮಾಡಿಕೊಂಡು ಕೂತಿದ್ದರಂತೆ, ಹೆಸರು ನೋಡಿ ಕೊಳ್ಳಲಿಲ್ಲವಂತೆ. ಮುಂದಿನ ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನಿನಿಂದ ಸೋಲಿಸಿ ಕಪ್ ಎತ್ತಿದರು. ಹದಿನೆಂಟನೆಯ ಸಲಕ್ಕೆ.

ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು. ಒಳಗೆ ಹದಿನೆಂಟು ವರ್ಷದ ಪ್ರತಿ ಚೆಂಡಿನ ಲೆಕ್ಕ ಇತ್ತು. ಹೊರಗಿನ ಲೆಕ್ಕ ಇರಲಿಲ್ಲ. ಆ ಮಾತು ಬಂದಾಗ ಅಳಿಯ, ನಾನು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಉಗಾದಿಯ ವಾರದ ಕೊನೆಗೆ ಕುಷ್ಟಗಿ ತಾಲೂಕಿನ ಒಂದು ಊರಿನ ಜಾತ್ರೆ, ಹೊನಲು ಬೆಳಕಿನ ಕಬಡ್ಡಿ. ಮೂವತ್ತು ವರ್ಷದಿಂದ ಅಲ್ಲಿ ಅಂಕ ಬರೆಯುವ ಕುರ್ಚಿ ನನ್ನದು. ಬ್ಯಾಂಕಿನವನ ಲೆಕ್ಕ ತಪ್ಪಲಾರದು ಎಂಬ ಜನರ ಮೂಢನಂಬಿಕೆ ನನ್ನನ್ನು ಅಲ್ಲಿ ಉಳಿಸಿದೆ. ಅಳಿಯ ಪಕ್ಕದಲ್ಲಿ ಕೂತು ಫೋನಿನಲ್ಲಿ ತನ್ನದೇ ಲೆಕ್ಕ ಇಟ್ಟ. ಊರ ತಂಡದಲ್ಲಿ ಒಬ್ಬ ಹುಲಿ ಇದ್ದ. ನಿಜ ಹೆಸರು ಬೇಡ. ಮೈಕಿನಲ್ಲೂ ಅವನನ್ನು ಹುಲಿ ಎಂದೇ ಕರೆಯುತ್ತಾರೆ. ಅವನು ಗೆರೆ ದಾಟಿದರೆ ಹೆಣ್ಣುಮಕ್ಕಳ ಕಡೆಯಿಂದಲೂ ಸಿಳ್ಳೆ ಬರುತ್ತದೆ. ಎರಡು ಪಂದ್ಯ ಮುಗಿಯುವಷ್ಟರಲ್ಲಿ ಅಳಿಯನ ಮುಖ ಗಂಭೀರವಾಯಿತು.

“ಮಾಮಾ, ಹುಲಿ 21 ಸಲ ರೈಡ್ ಹೋಗ್ಯಾನ. 13 ಸಲ ಎಡಕ್ಕ. ಅದರಾಗ ಎಂಟು ಸಲ ಸಿಕ್ಕೊಂಡಾನ. ಬಲಕ್ಕ ಹೋದಾಗ ಒಂದs ಸಲ. ಎಡಕ್ಕ ಹೋಗಬ್ಯಾಡ ಅಂತ ಹೇಳಬೇಕಲಾ? ಇಲ್ಲಾಂದ್ರ ಆ ಗಿಡ್ಡ ಹುಡುಗನ್ನ ಕಳಿಸಬೇಕು. ಅವ ಏಳು ಸಲ ಹೋಗಿ ಒಮ್ಮೆನೂ ಸಿಕ್ಕಿಲ್ಲ.”

ತಂಡದ ಕೋಚು ನಿವೃತ್ತ ಪಿ.ಟಿ. ಮಾಸ್ತರು. ಅವರ ಬಳಿ ಕರೆದುಕೊಂಡು ಹೋದೆ. ಮಾಸ್ತರು ಅಳಿಯನನ್ನು ಕೂರಿಸಿ, ಮಂಡಾಳ ಒಗ್ಗರಣಿ, ಮಿರ್ಚಿ ತರಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೊನೆಯವರೆಗೆ ನೋಡಿದರು. “ಭಾಳ ಚೊಲೊ ಮಾಡೀಯಪಾ. ಇಂಥಾವ್ರು ನಮ್ಮ ಹುಡುಗರಿಗೆ ಬೇಕು” ಎಂದು ಬೆನ್ನು ತಟ್ಟಿದರು. ಫೈನಲ್ ಶುರುವಾಯಿತು. ಹುಲಿ ಎಡಕ್ಕೆ ಹೋದ. ಸಿಕ್ಕ. ಎದ್ದು ಬಂದ. ಮತ್ತೆ ಎಡಕ್ಕೆ ಹೋದ. ಗಿಡ್ಡ ಹುಡುಗ ಹೊರಗೆ ಟವೆಲ್ಲು ಹಿಡಿದು ಕೂತಿದ್ದ.

ಮೂರು ಅಂಕದಿಂದ ಸೋತೆವು. ಅಳಿಯನಿಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿತ್ತು. ಬೆಂಗಳೂರಿನ ಮೀಟಿಂಗುಗಳಲ್ಲಿ ಜನ ಅವನ ಮಾತಿಗೆ ಎದುರು ಹೇಳುತ್ತಾರಂತೆ, ಫೋನು ನೋಡುತ್ತಾರಂತೆ. ಇಷ್ಟು ಮರ್ಯಾದೆ ಕೊಟ್ಟು ಒಂದು ಮಾತೂ ಕೇಳದವರನ್ನು ಅವನು ನೋಡಿರಲಿಲ್ಲ. ಮಾಸ್ತರಿಗೆ ತಿಳಿಯಲಿಲ್ಲವೇನೋ ಎಂದು ಮತ್ತೆ ಹೋಗಿ ಕೇಳಿಯೇಬಿಟ್ಟ.

ಮಾಸ್ತರು ಆ ಕಡೆ ಈ ಕಡೆ ನೋಡಿ, ಹೆಗಲಚೀಲದಿಂದ ಒಂದು ಹಳೆಯ ಹಾಜರಿ ಪುಸ್ತಕ ತೆಗೆದರು. ಮಕ್ಕಳ ಹೆಸರಿನ ಕಾಲಮ್ಮಿನಲ್ಲಿ ಆಟಗಾರರ ಹೆಸರು, ತಾರೀಖಿನ ಚೌಕಗಳಲ್ಲಿ ರೈಡು. ಎಡಕ್ಕೆ ಹೋದರೆ ಎ, ಬಲಕ್ಕೆ ಬ, ಸಿಕ್ಕರೆ ಕೆಂಪು ಶಾಯಿ. ಇಪ್ಪತ್ತೆರಡು ವರ್ಷದ್ದು. ಹುಲಿಯ ಸಾಲಿನಲ್ಲಿ ‘ಎ’ ಇದ್ದಲ್ಲೆಲ್ಲ ಕೆಂಪು.

“ನನಗ ಗೊತ್ತಿಲ್ಲೇನಪಾ ಇದು? ಅವ ಎಡಕ್ಕ ಹೋದ್ರ ಸಿಗ್ತಾನ ಅಂತ ಅವರವ್ವಗೂ ಗೊತ್ತೈತಿ.”

“ಮತ್ಯಾಕ್ರಿ ಸರ್?”

“ಕಪ್ಪು ಕೊಡಿಸಿದ್ದು ಅವರಪ್ಪ. ಮೈಕಿನವರ ರೊಕ್ಕಾನೂ ಅವರದs. ಮಗನ್ನ ಹೊರಗ ಕುಂದ್ರಿಸಿ ಅವರ ಕೈಲೆ ಕಪ್ಪು ಕೊಡಿಸಲೇನು?”

ಇಪ್ಪತ್ತೆರಡು ವರ್ಷದ ಪುಸ್ತಕವನ್ನು ಯಾರಿಗೂ ತೋರಿಸದೆ ಬರೆದುಕೊಂಡು ಬಂದ ಮನುಷ್ಯ! ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ಇದೆ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮಂದಿ ಅದರ ಪಕ್ಕದಲ್ಲೇ ಕುರಿ ಮೇಯಿಸಿದರು, 1931ರಲ್ಲಿ ಅದು ಬೆಳಕಿಗೆ ಬಂತು. ಆದರೆ ಅಲ್ಲಿ ಅಕ್ಷರ ಓದಲು ಬರುವವರು ಇರಲಿಲ್ಲ ಎಂದಾದರೂ ಹೇಳಬಹುದು. ಮಾಸ್ತರರ ಪುಸ್ತಕದ ಅಡ್ಡಿ ಬೇರೆ. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ: ಮುಲಾಜು. ಕೆನಡಾದಲ್ಲೂ ಅದು ಇರಲೇಬೇಕು ಎಂದು ನನ್ನ ಗುಮಾನಿ. ಅಲ್ಲಿ ಅದಕ್ಕೆ ಕೋಟಿಗಟ್ಟಲೆಯ ಕರಾರುಪತ್ರ ಬರೆದು ಸಹಿ ಹಾಕಿಸಿರುತ್ತಾರೆ, ಅಷ್ಟೇ ವ್ಯತ್ಯಾಸ. ಒಂದು ತಂಡ ಅಂಕಿ-ಅಂಶವನ್ನು ಮನಸ್ಸಿಗೆ ಹಚ್ಚಿಕೊಂಡಿದೆಯೇ ಎಂದು ತಿಳಿಯಲು ಅವರ ಕಂಪ್ಯೂಟರಿನ ಕೋಣೆಗೆ ಹೋಗುವ ಅಗತ್ಯ ಕಾಣುವುದಿಲ್ಲ. ಟವೆಲ್ಲು ಹಿಡಿದು ಹೊರಗೆ ಕೂತವನು ಯಾರು ಎಂದು ನೋಡಿದರೆ ಸಾಕು.

ಅಳಿಯ ಆ ಪುಸ್ತಕದ ಪುಟಪುಟವನ್ನೂ ಫೋಟೋ ತೆಗೆದುಕೊಂಡ. ಮಾಸ್ತರು ಬೇಡ ಎನ್ನಲಿಲ್ಲ. ಹಿಂದಿನ ಪುಟಗಳಲ್ಲಿ ಬೇರೊಂದು ಲೆಕ್ಕ ಇತ್ತು: ಯಾವ ವರ್ಷ ಕಪ್ಪು ಯಾರದು, ಊಟ ಯಾರದು, ಪೆಂಡಾಲು ಯಾರದು. ಅದನ್ನೂ ತೆಗೆದುಕೊಂಡ.

ಎರಡು ವಾರದ ಮೇಲೆ ರಾತ್ರಿ ಹನ್ನೊಂದಕ್ಕೆ ಅವನ ಫೋನು. ಟೊರಾಂಟೊದಲ್ಲಿ ಮಧ್ಯಾಹ್ನ.

“ಮಾಮಾ, ಮುಂದಿನ ಪುಟ, ಹಿಂದಿನ ಪುಟ ಎರಡೂ ಜೋಡಿಸಿದೆ. ಕಪ್ಪು ಕೊಟ್ಟವರ ಮನಿ ಹುಡುಗ ಆ ವರ್ಷ ಎಷ್ಟು ಸಲ ರೈಡ್ ಹೋದ ಅಂತ ಒಂದು ನಂಬರ್ ಬಂದೈತಿ. ಜಗತ್ತಿನ್ಯಾಗ ಎಲ್ಲೂ ಇಲ್ಲ ಇಂಥಾದ್ದು! ಇದಕ್ಕ ಒಂದು ಹೆಸರು ಬೇಕು. ಮಾಸ್ತರ ಹೆಸರs ಇಡೂಣು. ಒಂದು ಫೋಟೋ ಕಳಸ್ರಿ. ಮೀಸಿ ಅದಾವಲ್ಲ ಅವರಿಗೆ?”

ಮೀಸೆ ಇವೆ. ಕಾರ್ಸಿಯದನ್ನು ನಾಚಿಸುವಂಥವು. ನಾನು ದೀಪ ಹಚ್ಚಿ ಕಪಾಟು ತೆಗೆದೆ. ಮೂವತ್ತು ವರ್ಷದ ಜಾತ್ರೆಗಳ ಫೋಟೋಗಳಿದ್ದವು. ಒಂದರಲ್ಲಿ ನಾವು ಗೆದ್ದ ವರ್ಷದ ಗುಂಪು: ಮುಂದಿನ ಸಾಲಿನಲ್ಲಿ ಹುಡುಗರು, ನಡುವೆ ಅರ್ಧ ಆಳೆತ್ತರದ ಕಪ್ಪನ್ನು ತಲೆಯ ಮೇಲೆತ್ತಿ ಹಿಡಿದ ಆ ವರ್ಷದ ದಾನಿಗಳು, ಹಿಂದಿನ ಸಾಲಿನಲ್ಲಿ ಮಾಸ್ತರು. ಕಪ್ಪಿನ ಎರಡು ಹಿಡಿಕೆಗಳ ನಡುವೆ ಅವರ ಬೋಳುತಲೆ ಒಂದಿಷ್ಟು ಕಾಣುತ್ತಿತ್ತು.